ಹಳೇ ನಂಬರು, ಹೊಸ ನಂಬರು

ಚೆನ್ನೈನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇಟಿನ ಮೇಲೆ ಎರಡು ಸಂಖ್ಯೆ ಇರುತ್ತವೆ: ಹಳೇ ನಂಬರು 14, ಹೊಸ ನಂಬರು 31. ಮನೆಗಳಿಗೆ ಮತ್ತೆ ಸಂಖ್ಯೆ ಕೊಟ್ಟು ಎಷ್ಟೋ ವರ್ಷವಾದರೂ ಹಳೆಯದು ಅಳಿಸಿಹೋಗಲಿಲ್ಲ. ವಿಳಾಸ ಬರೆಯುವವರು ಎರಡನ್ನೂ ಬರೆಯುತ್ತಾರೆ. ಬರೆಯದಿದ್ದರೆ ಊಟ ತರುವ ಹುಡುಗ ಹದಿನೇಳು ಮನೆ ಆಚೆ ಯಾರದೋ ಬಾಗಿಲು ತಟ್ಟುತ್ತಾನೆ. ಅಲ್ಲೊಂದು ಮನೆ ಇರುತ್ತದೆ, ಬಾಗಿಲೂ ತೆರೆಯುತ್ತದೆ, ಆದರೆ ಒಳಗಿರುವವರು ಬೇರೆ.

ಮಾಡ್ ಹಾಕಿದ ಮೇಲೆ ಕಂಪ್ಯೂಟರ್ ಆಟವೊಂದು ತೆರೆಯುವ ಮೊದಲೇ ಮುಚ್ಚಿಕೊಳ್ಳುವುದೇಕೆ ಎಂದು ಯಾರಾದರೂ ಕೇಳಿದರೆ ನಾನು ಈಗ ಈ ಎರಡು ನಂಬರಿನ ಗೇಟನ್ನೇ ತೋರಿಸುತ್ತೇನೆ. ವೇಳಚೇರಿಯ ನಮ್ಮ ಮನೆಯಲ್ಲಿ ನನ್ನ ಜೊತೆಗಿರುವ ಹುಡುಗ ಹೊಸಪೇಟೆಯವನು, ಇಲ್ಲಿ ಎಂ.ಟೆಕ್ ಓದುತ್ತಿದ್ದಾನೆ. ಊರಿಂದ ಬರುವಾಗ ಅವನು ಹಳೆಯ ಹಾರ್ಡ್ ಡಿಸ್ಕೊಂದನ್ನು ಬನಿಯನ್ನಿನಲ್ಲಿ ಸುತ್ತಿಕೊಂಡು ತಂದಿದ್ದ. ಅದರಲ್ಲಿ ಅವನ ಅಣ್ಣ ಕಾಲೇಜು ದಿನಗಳಲ್ಲಿ ತಿದ್ದಿದ ‘ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್’ ಇತ್ತು. ಆಟದೊಳಗಿನ ಅಮೆರಿಕದ ಸಿಟಿ ಬಸ್ಸಿಗೆ ಅಣ್ಣ ಈಶಾನ್ಯ ಕರ್ನಾಟಕ ಸಾರಿಗೆಯ ಬಣ್ಣ ಬಳಿದು, ಮುಂದೆ ಹೊಸಪೇಟೆ–ಕಮಲಾಪುರ–ಹಂಪಿ ಎಂದು ಕನ್ನಡದಲ್ಲಿ ಬೋರ್ಡು ಬರೆದಿದ್ದ. ಈಗ ಆ ಅಣ್ಣ ಜರ್ಮನಿಯಲ್ಲಿದ್ದಾನೆ. ತಮ್ಮ ಆಟವನ್ನು ಹೊಸದಾಗಿ ಕೊಂಡು ಇಳಿಸಿ, ಅಣ್ಣನ ಮಾಡ್‌ಗಳನ್ನೆಲ್ಲ ಅದರ ಮೇಲೆ ಸುರಿದಿದ್ದ. ಎರಡು ಸಲ ಕ್ಲಿಕ್ ಮಾಡಿದರೆ ಪರದೆ ಒಂದು ಕ್ಷಣ ಕಪ್ಪಾಗುತ್ತಿತ್ತು, ಮತ್ತೆ ಡೆಸ್ಕ್‌ಟಾಪ್ ಬರುತ್ತಿತ್ತು. ತಪ್ಪೇನೆಂದು ಹೇಳುವ ಒಂದು ಸಾಲೂ ಇಲ್ಲ.

ಮಾಡ್ ಎಂದರೆ ಮಾಡಿಫಿಕೇಶನ್ನಿನ ಮೊಟಕು ರೂಪ, ಆದರೆ ಕನ್ನಡದ ‘ಮಾಡು’ ಎಂದುಕೊಂಡರೂ ಅರ್ಥ ಕೆಡುವುದಿಲ್ಲ. ಬೇರೆಯವರು ಮಾಡಿದ ಆಟವನ್ನು ಆಡುವವನೇ ತಿದ್ದುವುದು. ಇದು ಹೊಸ ಚಾಳಿಯಲ್ಲ. 1993ರ ಡಿಸೆಂಬರಿನಲ್ಲಿ ‘ಡೂಮ್’ ಬಂದಾಗ ಅದನ್ನು ಬರೆದ ಜಾನ್ ಕಾರ್ಮ್ಯಾಕ್ ಚಿತ್ರ, ಸದ್ದು, ನಕ್ಷೆಗಳನ್ನು ಮುಖ್ಯ ಪ್ರೋಗ್ರಾಮಿನಿಂದ ಬೇರ್ಪಡಿಸಿ ‘ವ್ಯಾಡ್’ ಎಂಬ ಕಡತಗಳಲ್ಲಿ ಇಟ್ಟಿದ್ದ. ಪ್ರೋಗ್ರಾಮನ್ನು ಮುಟ್ಟದೆ ಆಟವನ್ನು ಬದಲಿಸಬಹುದಿತ್ತು. ಮನೆ ಕಟ್ಟಿದವನೇ ಹಿತ್ತಲ ಬಾಗಿಲಿಗೆ ಅಗುಳಿ ಹಾಕದೆ ಬಿಟ್ಟ ಹಾಗೆ. ‘ಹಾಫ್ ಲೈಫ್’ ಆಟಕ್ಕೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು 1999ರಲ್ಲಿ ಮಾಡಿದ ಮಾಡ್ ‘ಕೌಂಟರ್ ಸ್ಟ್ರೈಕ್’. ಮುಂದಿನ ವರ್ಷವೇ ಅದು ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ಹಾಸ್ಟೆಲ್ ಲ್ಯಾನ್‌ನಲ್ಲಿ ರಾತ್ರಿಯಿಡೀ ಅದನ್ನಾಡಿದ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಹವ್ಯಾಸಿಗಳ ತಿದ್ದುಪಡಿಯೆಂದು ಗೊತ್ತಿತ್ತು?

ಸ್ಯಾನ್ ಆಂಡ್ರಿಯಾಸ್‌ಗೆ ಮಾತ್ರ ಹೀಗೆ ಉದ್ದೇಶಪೂರ್ವಕವಾಗಿ ಬಿಟ್ಟ ಬಾಗಿಲಿರಲಿಲ್ಲ. ಚಿತ್ರಗಳನ್ನು ಬದಲಿಸುವುದು ಸುಲಭವೇ, ಅವು ಒಂದು ದೊಡ್ಡ ಗಂಟಿನಲ್ಲಿರುತ್ತವೆ, ಬಿಚ್ಚಿ ಕಟ್ಟಬಹುದು. ಆದರೆ ಆಟದ ನಡವಳಿಕೆಯನ್ನೇ ಬದಲಿಸುವ ಮಾಡ್‌ಗಳು ಓಡುತ್ತಿರುವ ಪ್ರೋಗ್ರಾಮಿನ ಒಳಗೆ ಹೊಕ್ಕು, ಮೆಮೊರಿಯ ಇಂಥ ವಿಳಾಸದಲ್ಲಿ ಹಣದ ಲೆಕ್ಕವಿದೆ, ಇಂಥ ವಿಳಾಸದಲ್ಲಿ ಆಟಗಾರನಿದ್ದಾನೆ ಎಂದು ನಂಬಿ ಅಲ್ಲಿ ಬರೆಯುತ್ತವೆ. ಈ ವಿಳಾಸಗಳನ್ನು ಆಟ ಮಾಡಿದ ಕಂಪನಿ ಕೊಟ್ಟದ್ದಲ್ಲ, ಹವ್ಯಾಸಿಗಳು ತಿಂಗಳುಗಟ್ಟಲೆ ಕೆದಕಿ ಕಂಡುಕೊಂಡದ್ದು. ಪ್ರೋಗ್ರಾಮನ್ನು ಕಂಪನಿ ಒಮ್ಮೆ ಮರುಜೋಡಿಸಿದರೆ ಸಾಕು, ಎಲ್ಲ ಮನೆಗಳ ನಂಬರೂ ಸರಿಯುತ್ತವೆ. ಮಾಡ್ ಹಳೇ ನಂಬರಿನ ಬಾಗಿಲನ್ನೇ ತಟ್ಟುತ್ತದೆ. ಅಲ್ಲಿ ಯಾರೋ ಇರುತ್ತಾರೆ, ಅಥವಾ ಖಾಲಿ ಸೈಟಿರುತ್ತದೆ. ಆಗ ವಿಂಡೋಸ್ ಆಟವನ್ನು ಅಲ್ಲೇ ಮುಗಿಸುತ್ತದೆ.

ಸರಿ, ಕಂಪನಿ ಯಾಕೆ ಮರುಜೋಡಿಸಿತು? ಇಲ್ಲಿ ಕಥೆ ತಂತ್ರಜ್ಞಾನ ಬಿಟ್ಟು ರಾಜಕೀಯಕ್ಕೆ ಹೋಗುತ್ತದೆ. ಆಟ ಪಿಸಿಗೆ ಬಂದದ್ದು 2005ರ ಜೂನ್‌ನಲ್ಲಿ. ಕೆಲವೇ ದಿನಗಳಲ್ಲಿ ನೆದರ್ಲೆಂಡ್ಸಿನ ಪ್ಯಾಟ್ರಿಕ್ ವಿಲ್ಡೆನ್‌ಬೋರ್ಗ್ ‘ಹಾಟ್ ಕಾಫಿ’ ಎಂಬ ಪುಟ್ಟ ಮಾಡ್ ಹೊರಬಿಟ್ಟ. ಹಾಕಿಕೊಂಡರೆ ಆಟದೊಳಗೆ ಒಂದು ಲೈಂಗಿಕ ದೃಶ್ಯ ತೆರೆಯುತ್ತಿತ್ತು. ಇದು ಹ್ಯಾಕರ್‌ಗಳ ಕೆಲಸವೆಂದು ರಾಕ್‌ಸ್ಟಾರ್ ಕಂಪನಿ ಮೊದಲು ಹೇಳಿತು. ನಿಜವೇನೆಂದರೆ ಆ ದೃಶ್ಯ ಮಾರಾಟವಾದ ಡಿಸ್ಕಿನಲ್ಲೇ ಅಡಗಿತ್ತು. ಕಂಪನಿಯವರೇ ಬರೆದು, ಆಮೇಲೆ ಬೇಡವೆಂದು ತೆಗೆದುಹಾಕದೆ ಬೀಗ ಮಾತ್ರ ಹಾಕಿದ್ದರು. ಮಾಡ್ ಮಾಡಿದ್ದು ಬೀಗ ತೆಗೆದದ್ದಷ್ಟೇ. ಅಂದು ಸೆನೆಟರ್ ಆಗಿದ್ದ ಹಿಲರಿ ಕ್ಲಿಂಟನ್ ತನಿಖೆಗೆ ಒತ್ತಾಯಿಸಿದರು. ಜುಲೈ 20ರಂದು ಅಮೆರಿಕದ ರೇಟಿಂಗ್ ಮಂಡಳಿ ಆಟವನ್ನು ‘ವಯಸ್ಕರಿಗೆ ಮಾತ್ರ’ ಎಂಬ ವರ್ಗಕ್ಕೆ ತಳ್ಳಿತು, ದೊಡ್ಡ ಅಂಗಡಿಗಳು ಅದನ್ನು ಕಪಾಟಿನಿಂದ ಇಳಿಸಿದವು.

ಕಂಪನಿ 1.01 ತಿದ್ದುಪಡಿ ತಂದಿತು, ದೃಶ್ಯ ಕಿತ್ತುಹಾಕಿದ ಎರಡನೇ ಮುದ್ರಣ ತಂದಿತು. ಒಂದು ಬಾಗಿಲು ಮುಚ್ಚುವ ಭರದಲ್ಲಿ ಇಡೀ ಬೀದಿಯ ನಂಬರು ಬದಲಾಯಿತು. ಕಾರಿನ ಬಣ್ಣ ಬದಲಿಸುವ, ರಸ್ತೆಗೆ ಮರ ನೆಡುವ ಬಡಪಾಯಿ ಮಾಡ್‌ಗಳೂ ಅದರಲ್ಲಿ ಸತ್ತವು. ಇದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ: ಕಂಪನಿ ತನ್ನ ಕಸವನ್ನು ಚಾಪೆಯಡಿ ಬಚ್ಚಿಟ್ಟಿತ್ತು, ದಂಡ ಕಟ್ಟಿದವರು ಚಾಪೆ ಎತ್ತದವರು. ಮುಂದೆ 2008ರ ಸ್ಟೀಮ್ ಆವೃತ್ತಿಗೆ ತನ್ನದೇ ನಂಬರುಗಳು. 2014ರಲ್ಲಿ ಹಾಡುಗಳ ಪರವಾನಗಿ ಮುಗಿಯಿತೆಂದು ಆಟದೊಳಗಿನ ರೇಡಿಯೋದಿಂದ ಹಲವು ಹಾಡು ಹೋದವು, ಜೊತೆಗೆ ಹಳೆಯ ಸೇವ್ ಕಡತಗಳೂ ತೆರೆಯದಾದವು. 2021ರಲ್ಲಿ ಹೊಸ ಅಲಂಕಾರದ ಆವೃತ್ತಿ ಬರುವ ಮುಂಚೆ ಹಳೆಯದನ್ನು ಅಂಗಡಿಗಳಿಂದಲೇ ತೆಗೆದರು. ಹೊಸದು ಎಡವಟ್ಟಾಗಿ ಜನ ರೇಗಿದ ಮೇಲೆ ತಮ್ಮ ಅಂಗಡಿಯಲ್ಲಿ ಹಳೆಯದನ್ನು ಮರಳಿ ಇಟ್ಟರು.

ಇಷ್ಟೆಲ್ಲ ಆದರೂ ಮಾಡ್ ಬರೆಯುವವರು ಮಾತ್ರ 1.0ರಲ್ಲೇ ನಿಂತರು. ಇಂದಿಗೂ ಅವರು ಕೇಳುವುದು ಮುಖ್ಯ ಕಡತದ ಗಾತ್ರ: 1,43,83,616 ಬೈಟ್. ತಮಾಷೆಯೆಂದರೆ ಇದು ನಕಲಿ ತಡೆ ಮುರಿದ ಪ್ರತಿಯ ಗಾತ್ರ, ಅಸಲಿ ಡಿಸ್ಕಿನದ್ದಲ್ಲ. ನಮ್ಮ ಕಡೆ ಹರಡಿದ್ದೂ ಇಂಥದ್ದೇ. ಆಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ಬರ್ಮಾದಿಂದ ಮರಳಿದ ತಮಿಳರಿಗಾಗಿ 1969ರಲ್ಲಿ ಶುರುವಾದ ಚೆನ್ನೈನ ಬರ್ಮಾ ಬಜಾರಿನಲ್ಲಾಗಲಿ ಪ್ಲಾಸ್ಟಿಕ್ ಚೀಲದ ಡಿಸ್ಕುಗಳಿಗೆ ಕೊರತೆಯಿರಲಿಲ್ಲ. ಕಳ್ಳಪ್ರತಿಯನ್ನು ನಾನು ಹೊಗಳುತ್ತಿಲ್ಲ. ಆದರೆ ಇತಿಹಾಸ ಬರೆಯುವವನು ಯಾವ ಪ್ರತಿ ಉಳಿಯಿತು, ಹೇಗೆ ಉಳಿಯಿತು ಎಂಬುದನ್ನು ಹೇಳದೆ ಇರಲಾಗದು.

ಅಣ್ಣನ ಡಿಸ್ಕು ಅಗಲ ರಿಬ್ಬನ್ ತಂತಿಯ ಕಾಲದ್ದು, ಈಗಿನ ಲ್ಯಾಪ್‌ಟಾಪಿಗೆ ಸಿಕ್ಕಿಸಲು ಬರುವುದಿಲ್ಲ. ಹಾಗಾಗಿ ಒಂದು ಶನಿವಾರ ಇಬ್ಬರೂ ರಿಚ್ಚಿ ಸ್ಟ್ರೀಟಿಗೆ ಹೋದೆವು. ಮೌಂಟ್ ರೋಡಿನ ಪಕ್ಕದ, ರೇಡಿಯೋ ಬಿಡಿಭಾಗಗಳಿಂದ ಬೆಳೆದ ಸಂತೆ ಅದು. ಒಂದು ಸಂದಿಯ ಅಂಗಡಿಯವರು ಡಿಸ್ಕನ್ನು ಕೈಯಲ್ಲಿ ತೂಗಿ, “ಇದು ಇನ್ನೂ ಇದೆಯಾ ತಂಬಿ?” ಎಂದು ತಮಿಳಿನಲ್ಲಿ ಕೇಳಿ, ಮೇಲಿನ ಅಟ್ಟದಿಂದ ಅಡಾಪ್ಟರ್ ಇಳಿಸಿದರು. “ಓಡಿದರೆ ಮೊದಲು ಕಾಪಿ ಮಾಡ್ಕೊ, ಆಮೇಲೆ ನೋಡು,” ಎಂದರು. ಅದಕ್ಕಿಂತ ಒಳ್ಳೆಯ ಸಲಹೆಯನ್ನು ಆಮೇಲೆ ಯಾರೂ ಕೊಡಲಿಲ್ಲ.

ಕಾಪಿ ಮಾಡಿದೆವು. ಮೂಲವನ್ನು ಮುಟ್ಟದೆ ಪ್ರತಿಯ ಮೇಲಷ್ಟೇ ಕೆಲಸ. ಆಟವನ್ನು ‘ಪ್ರೋಗ್ರಾಮ್ ಫೈಲ್ಸ್’ನಿಂದ ಹೊರಗೆ ಬೇರೆ ಫೋಲ್ಡರಿಗೆ ತಂದೆವು, ಯಾಕೆಂದರೆ ವಿಸ್ಟಾ ಬಂದ ಕಾಲದಿಂದ ವಿಂಡೋಸ್ ಅಲ್ಲಿ ಸುಲಭಕ್ಕೆ ಬರೆಯಲು ಬಿಡುವುದಿಲ್ಲ. ಇವೆಂಟ್ ವ್ಯೂವರ್ ತೆರೆದರೆ ಆಟ ಸತ್ತ ನಿಮಿಷದ ದಾಖಲೆ ಸಿಕ್ಕಿತು. ತನ್ನದಲ್ಲದ ಮೆಮೊರಿಗೆ ಕೈಹಾಕಿದ್ದು ಅಪರಾಧ. ಮುಖ್ಯ ಕಡತದ ಗಾತ್ರ ನೋಡಿದೆವು, ಹೊಸ ನಂಬರಿನ ಮನೆ. ಕೊಂಡ ಪ್ರತಿಯನ್ನು 1.0ಕ್ಕೆ ಹಿಂದಿರುಗಿಸುವ ಸಲಕರಣೆಗಳನ್ನು ಹವ್ಯಾಸಿಗಳೇ ಮಾಡಿಟ್ಟಿದ್ದಾರೆ, ಅದನ್ನು ಓಡಿಸಿದೆವು. ಒಂದೂ ಮಾಡ್ ಇಲ್ಲದೆ ಆಟ ತೆರೆಯಿತು. ಈ ಹೆಜ್ಜೆ ಬಿಡಬಾರದು. ಬರಿ ಆಟವೇ ಓಡದಿದ್ದರೆ ಮಾಡ್‌ಗಳನ್ನು ಬೈದು ಉಪಯೋಗವಿಲ್ಲ.

ಅಣ್ಣನ ಮಾಡ್‌ಗಳನ್ನು ಹಾಕಿದೊಡನೆ ಮತ್ತೆ ಕಪ್ಪು ಪರದೆ. ದಾಖಲೆಗಳ ಫೋಲ್ಡರಿನಲ್ಲಿರುವ ಆಟದ ಸೆಟ್ಟಿಂಗ್ ಕಡತವನ್ನು ಅಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ, ಇಲ್ಲಿ ಹೋಗಲಿಲ್ಲ. ಆಮೇಲೆ ಅರ್ಧ ಮಾಡುವ ಆಟ: ಒಟ್ಟು 40 ಮಾಡ್, 20 ಹಾಕಿ ನೋಡು, ಓಡಿದರೆ ತಪ್ಪು ಇನ್ನರ್ಧದಲ್ಲಿ, ಅದರಲ್ಲಿ ಮತ್ತೆ ಅರ್ಧ. ಒಂದೊಂದಾಗಿ ನೋಡಿದ್ದರೆ ಬೆಳಗಾಗುತ್ತಿತ್ತು; ಹೀಗೆ ಮಾಡಿದರೆ ಹೆಚ್ಚೆಂದರೆ 6 ಸಲ. ಆರನೆಯ ಸಲಕ್ಕೆ ಉಳಿದದ್ದು ಮಾಡ್ ಅಲ್ಲ, ಮಾಡ್‌ಗಳನ್ನು ಒಳಗೆ ಕರೆದುಕೊಳ್ಳುವ ಲೋಡರ್. ಅದು ಆಟದ ಒಂದು ಧ್ವನಿ ಕಡತದ ಹೆಸರನ್ನು ತಾನಿಟ್ಟುಕೊಂಡು, ಅಸಲಿ ಕಡತಕ್ಕೆ ಬೇರೆ ಹೆಸರು ಕೊಟ್ಟು ಪಕ್ಕದಲ್ಲಿ ಕೂರಿಸುತ್ತದೆ. ಇಲ್ಲಿ ಎರಡೂ ಕಡತಗಳ ಗಾತ್ರ ಒಂದೇ ಇತ್ತು. ಎರಡೂ ಲೋಡರೇ! ಅಣ್ಣ ಯಾವತ್ತೋ ಎರಡು ಬಾರಿ ಹಾಕಿದ್ದನೋ, ಪ್ರತಿ ಮಾಡುವಾಗ ಹೀಗಾಯಿತೋ, ಅಂತೂ ಲೋಡರ್ ಅಸಲಿಯನ್ನು ಹುಡುಕಿ ತನ್ನನ್ನೇ ಕರೆಯುತ್ತಿತ್ತು. ಹೊಸದಾಗಿ ಇಳಿಸಿದ ಆಟದಿಂದ ಅಸಲಿ ಕಡತ ತಂದಿಟ್ಟೆವು.

ಆಟ ತೆರೆಯಿತು. ಲಾಸ್ ಸ್ಯಾಂಟೋಸ್ ಎಂಬ ಆ ಕಾಲ್ಪನಿಕ ಊರಿನ ಸೇತುವೆಯ ಕೆಳಗಿಂದ ಬಸ್ಸು ಬಂತು. ಹುಡುಗ ಪರದೆಯ ಹತ್ತಿರ ಮುಖ ತಂದು, “ಅಣ್ಣಾ, ಆ ಕಡೆಯಿಂದ ನೋಡ್ರಿ,” ಎಂದ. ಬಸ್ಸಿನ ಎಡಬಲಕ್ಕೆ ಒಂದೇ ಚಿತ್ರ ಅಂಟಿಸಿರುವುದರಿಂದ ಒಂದು ಮಗ್ಗುಲಲ್ಲಿ ಕನ್ನಡ ನೆಟ್ಟಗಿತ್ತು, ಇನ್ನೊಂದು ಮಗ್ಗುಲಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುವಾಗಿತ್ತು. ಬೋರ್ಡಿನಲ್ಲಿ ಕನ್ನಡ ಮೂಡಿದ್ದು ಅದು ಬರಿಯ ಚಿತ್ರವಾದ್ದರಿಂದ. ಮಾತುಗಳ ಸಾಲನ್ನೂ ಕನ್ನಡಕ್ಕೆ ತರಲು ಅಣ್ಣ ಹೊರಟಿದ್ದನೆಂದು ಒಂದು ಫೋಲ್ಡರ್ ಹೇಳಿತು. ಆಟದ ಅಕ್ಷರಗಳು ಚೌಕಗಳ ಹಾಳೆ, ಒಂದು ಚೌಕಕ್ಕೆ ಒಂದೇ ಅಕ್ಷರ, ಪಕ್ಕಪಕ್ಕಕ್ಕೆ ಜೋಡಣೆ. ಒತ್ತು ಕೆಳಗೆ ಕೂರಲು ಅದರಲ್ಲಿ ಜಾಗವಿಲ್ಲ. ನುಡಿ, ಬರಹಗಳ ಹಳೆಯ ಫಾಂಟುಗಳಂತೆ ಇಂಗ್ಲಿಷ್ ಅಕ್ಷರಗಳ ಚೌಕದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತ ಹೋಗಿ, ‘ಕ್ಷ’ದ ಹತ್ತಿರ ನಿಲ್ಲಿಸಿದ್ದ.

ಬಸ್ಸಿನ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ‘ಹಾಸ್ಪೆಟ್’ ಎಂದೇ ಇತ್ತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅದು ಹೊಸಪೇಟೆ. 2021ರಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ಹೋಗಿ ಕಲ್ಯಾಣ ಕರ್ನಾಟಕ ಸಾರಿಗೆಯಾಯಿತು, ಅದೇ ವರ್ಷ ಊರು ಬಳ್ಳಾರಿ ಜಿಲ್ಲೆ ಬಿಟ್ಟು ವಿಜಯನಗರ ಜಿಲ್ಲೆ ಸೇರಿತು. ತಮ್ಮ ಸ್ಕ್ರೀನ್‌ಶಾಟ್ ತೆಗೆದು ಜರ್ಮನಿಗೆ ಕಳಿಸಿ, ಹೊಸ ಹೆಸರು ಬರೆದು ತಿದ್ದಲೇ ಎಂದು ಕೇಳಿದ. ಎರಡು ದಿನ ಬಿಟ್ಟು ಉತ್ತರ ಬಂತು: “ಅದನ್ನ ಹಂಗೇ ಇಡು. ಬೇಕಂದ್ರ ಇನ್ನೊಂದು ಬಸ್ ಮಾಡು.”