ಸಿಂಗಪುರದ ಶಾಲೆಗಳು ಮಕ್ಕಳನ್ನು ತೂಗಿದ ಕಾಲ

1992ರಲ್ಲಿ ಸಿಂಗಪುರದ ಶಿಕ್ಷಣ ಇಲಾಖೆ ‘ಟ್ರಿಮ್ ಅಂಡ್ ಫಿಟ್’ ಎಂಬ ಯೋಜನೆಯನ್ನು ಶಾಲೆಗಳಿಗೆ ತಂದಿತು. ಎತ್ತರಕ್ಕೆ ಮೀರಿದ ತೂಕವಿದ್ದ ಮಕ್ಕಳನ್ನು ಗುರುತಿಸಿ, ತರಗತಿಗೆ ಮುಂಚೆಯೋ ಬಿಡುವಿನಲ್ಲೋ ಶಾಲೆ ಬಿಟ್ಟ ಮೇಲೋ ಅವರಿಗಷ್ಟೇ ಪ್ರತ್ಯೇಕವಾಗಿ ವ್ಯಾಯಾಮ ಮಾಡಿಸುತ್ತಿದ್ದರು. ಗಂಡುಮಕ್ಕಳಿಗೆ 1967ರಿಂದಲೇ ಸೇನಾ ಸೇವೆಯನ್ನು ಕಡ್ಡಾಯ ಮಾಡಿದ್ದ ಪುಟ್ಟ ದೇಶಕ್ಕೆ ಎಳೆಯರ ಮೈಕಟ್ಟಿನ ಚಿಂತೆ ಇದ್ದದ್ದು ಸಹಜವೇ. ಎಡವಟ್ಟಾದದ್ದು ಲೆಕ್ಕ ಇಟ್ಟ ರೀತಿಯಲ್ಲಿ. ತೂಕ ಮೀರಿದವರು ಶೇಕಡಾ ಎಷ್ಟು, 1982ರಲ್ಲಿ ಶುರುವಾದ ‘ನಾಪ್ಫಾ’ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ಪಾಸಾದವರು ಎಷ್ಟು ಎಂದು ನೋಡಿ ಶಾಲೆಗಳಿಗೆ ಪ್ರಶಸ್ತಿ ಕೊಡುತ್ತಿದ್ದರು. ಅಲ್ಲಿಗೆ ದಪ್ಪಗಿರುವ ಮಗು ಶಾಲೆಯ ಹೆಸರಿಗೆ ಅಡ್ಡ ಬರುವ ಮಗುವಾಯಿತು. ಜೊತೆಯವರು ತಿಂದು ಆಡುವ ಹೊತ್ತಿನಲ್ಲಿ ಅದು ಎಲ್ಲರ ಕಣ್ಣೆದುರು ಬೇರೆ ಗುಂಪಿನಲ್ಲಿ ಓಡಬೇಕಾಗಿತ್ತು. ಓಟವೇ ಶಿಕ್ಷೆಯಂತೆ ಕಂಡರೆ, ಶಾಲೆ ಮುಗಿದ ಮೇಲೆ ಆ ಮಗು ತಾನಾಗಿ ಓಡಲು ಹೊರಡುತ್ತದೆಯೇ?

ಯೋಜನೆ ಫಲ ಕೊಟ್ಟಿತಲ್ಲ ಎನ್ನುವವರ ಕೈಯಲ್ಲಿ ಗಟ್ಟಿ ಅಂಕಿಗಳೇ ಇವೆ: ಆರಂಭದಲ್ಲಿ ಶೇ. 14ರ ಆಸುಪಾಸಿನಲ್ಲಿದ್ದ ತೂಕ ಮೀರಿದ ವಿದ್ಯಾರ್ಥಿಗಳ ಪ್ರಮಾಣ ಕೊನೆಕೊನೆಗೆ ಶೇ. 10ರೊಳಗೆ ಬಂದಿತ್ತು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ವರ್ಷಗಳಲ್ಲಿ ಶಾಲಾ ಕ್ಯಾಂಟೀನುಗಳಲ್ಲಿ ಕರಿದ ತಿಂಡಿಗೂ ಸಿಹಿ ಪಾನೀಯಕ್ಕೂ ಕಡಿವಾಣ ಬಿತ್ತು, ಪೌಷ್ಟಿಕತೆಯ ಪಾಠವೂ ನಡೆಯಿತು. ಎಲ್ಲ ಮಕ್ಕಳಿಗೂ ಅನ್ವಯಿಸಿದ ಆ ಕ್ರಮಗಳ ಫಲವೆಷ್ಟು, ಕೆಲವರನ್ನು ಬೇರ್ಪಡಿಸಿದ್ದರ ಫಲವೆಷ್ಟು ಎಂದು ಆ ಒಂದು ಅಂಕಿ ಬಿಡಿಸಿ ಹೇಳುವುದಿಲ್ಲ. ಬೊಜ್ಜು ನಿಜವಾದ ಆರೋಗ್ಯ ಸಮಸ್ಯೆ, ಮುಲಾಜಿಗೆ ಬಿದ್ದು ಸುಮ್ಮನಿದ್ದರೆ ಮಗುವಿಗೇ ಅನ್ಯಾಯ ಎಂಬ ಇನ್ನೊಂದು ವಾದವನ್ನಂತೂ ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ತಕ್ಕ ಜಾಗ ವೈದ್ಯರ ಕೋಣೆ. ಅಲ್ಲಿ ಬಾಗಿಲು ಮುಚ್ಚಿ ಮಾತಾಡಬಹುದು. ಆಟದ ಮೈದಾನದ ಕೆಲಸ ಬೇರೆ. ಮೈ ಆಡಿಸುವುದು ಹಿತ ಎಂಬ ರುಚಿಯನ್ನು ಅದು ಹತ್ತಿಸಬೇಕು, ಆ ರುಚಿಯನ್ನು ಅಳೆಯುವ ಕಾಲಂ ಪ್ರಶಸ್ತಿಯ ಲೆಕ್ಕದಲ್ಲಿ ಇರಲಿಲ್ಲ.

2007ರಲ್ಲಿ ಯೋಜನೆಯನ್ನು ಕೈಬಿಟ್ಟು, ಎಲ್ಲ ವಿದ್ಯಾರ್ಥಿಗಳ ದೈಹಿಕ, ಮಾನಸಿಕ, ಸಾಮಾಜಿಕ ಆರೋಗ್ಯವನ್ನು ಒಟ್ಟಾಗಿ ನೋಡುವ ಹೊಸ ಚೌಕಟ್ಟನ್ನು ತಂದರು. ನಾಪ್ಫಾ ಮಾತ್ರ ಉಳಿಯಿತು. ಅದರ ಪುಲ್-ಅಪ್‌ನಲ್ಲಿ ಮಗು ತನ್ನ ಮೈಭಾರವನ್ನೇ ಎತ್ತಬೇಕು. ಅರವತ್ತು ಕೆಜಿಯ ಹುಡುಗನಿಗೂ ತೊಂಬತ್ತು ಕೆಜಿಯವನಿಗೂ ಎಣಿಕೆ ಒಂದೇ, ಹೊರೆ ಮಾತ್ರ ಬೇರೆ. ಎಲ್ಲರಿಗೂ ಒಂದೇ ಅಳತೆ ಇದ್ದರೇ ನ್ಯಾಯ ಎನ್ನುವವರು ಆ ಪರೀಕ್ಷೆಯ ನಿಯಮವನ್ನೇ ನೋಡಬೇಕು: ಹುಡುಗಿಯರಿಗೂ ಹದಿನೈದು ತುಂಬದ ಹುಡುಗರಿಗೂ ಕಾಲನ್ನು ನೆಲಕ್ಕೆ ಊರಿ, ಓರೆಯಾಗಿ ಮೈ ಎಳೆದುಕೊಳ್ಳುವ ಸುಲಭದ ಬಗೆಯನ್ನು ಅದೇ ಗೊತ್ತುಮಾಡಿದೆ. ವಯಸ್ಸಿಗೂ ಹೆಣ್ಣು-ಗಂಡೆಂಬ ವ್ಯತ್ಯಾಸಕ್ಕೂ ಕೊಟ್ಟ ಈ ರಿಯಾಯಿತಿ ಮೈಭಾರಕ್ಕೆ ಸಿಗಲಿಲ್ಲ.