ಬಿಡಿಭಾಗ ತರಿಸಿ ಮನೆಯಲ್ಲೇ ಮಿಲಿಟರಿ ರೈಫಲ್ ಜೋಡಿಸಬಹುದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಹಳೇ ಮಿಲಿಟರಿ ರೈಫಲ್‌ನ ತದ್ರೂಪನ್ನು ಮನೆಯಲ್ಲೇ ಜೋಡಿಸುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಮೊದಲು 'ರಿಸೀವರ್' ಆರಿಸಿ, ಆಮೇಲೆ ಬ್ಯಾರಲ್, ಬೋಲ್ಟ್, ಕಟ್ಟಿಗೆಯ ಹಿಡಿ ಕೊಳ್ಳಿ ಎಂದು ಅದರಲ್ಲಿ ಹೇಳುತ್ತಾರೆ. ಇಂಥ ವಿಡಿಯೋ ಜೊತೆಗೆ 'ಬಿಡಿಭಾಗಕ್ಕೆ ಲೈಸೆನ್ಸ್ ಬೇಡ' ಎಂಬ ಸಾಲು ಸೇರಿ ಮೂಡಲಗಿ, ಗೋಕಾಕ, ಹುಕ್ಕೇರಿಯ ಗ್ರೂಪ್‌ಗಳಿಗೆ ಬಂದರೆ ನಂಬಬೇಕೇ? ಪರಿಶೀಲಿಸೋಣ.

ವಿಡಿಯೋ ಸುಳ್ಳೇ?

ವಿಡಿಯೋ ಸುಳ್ಳಲ್ಲ, ಆದರೆ ಅದು ನಮ್ಮ ದೇಶದ್ದಲ್ಲ. ರಿಸೀವರ್ ಎಂದರೆ ಬೋಲ್ಟ್, ಬ್ಯಾರಲ್, ಟ್ರಿಗರ್ ಎಲ್ಲವೂ ಬಂದು ಕೂಡುವ ಬಂದೂಕಿನ ನಡುಭಾಗ. ಅಮೆರಿಕದ 1968ರ ಕಾಯ್ದೆಯ ಪ್ರಕಾರ ಈ ಭಾಗವೇ 'ಬಂದೂಕು'. ನಂಬರ್ ಹೊಡೆಯುವುದೂ ಇದರ ಮೇಲೆಯೇ. ಉಳಿದ ಹೆಚ್ಚಿನ ಭಾಗಗಳನ್ನು ಅಲ್ಲಿ ಅಂಗಡಿಯಲ್ಲಿ ಸಾಮಾನ್ಯ ವಸ್ತುವಿನಂತೆ ಕೊಳ್ಳಬಹುದು. ಅದಕ್ಕೇ ಅಲ್ಲಿನವರು ರಿಸೀವರ್ ಆರಿಸುವುದರ ಬಗ್ಗೆ ಅಷ್ಟು ಮಾತಾಡುತ್ತಾರೆ.

ಭಾರತದಲ್ಲಿ ಏನು ನಿಯಮ?

ನಮ್ಮ ಶಸ್ತ್ರಾಸ್ತ್ರ ಕಾಯ್ದೆ 1959ರ 2ನೇ ಸೆಕ್ಷನ್ 'ಶಸ್ತ್ರ' ಎಂಬುದರೊಳಗೆ ಶಸ್ತ್ರದ ಬಿಡಿಭಾಗಗಳನ್ನೂ, ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿದೆ. ಅಂದರೆ ರಿಸೀವರ್ ಮಾತ್ರವಲ್ಲ, ಬ್ಯಾರಲ್, ಬೋಲ್ಟ್ ಕೂಡ ಕಾನೂನಿನ ಕಣ್ಣಲ್ಲಿ ಶಸ್ತ್ರವೇ. 5ನೇ ಸೆಕ್ಷನ್ ಪ್ರಕಾರ ತಯಾರಿಕೆ, ಮಾರಾಟ, ರಿಪೇರಿಗೆ ಲೈಸೆನ್ಸ್ ಬೇಕು. ಆಟಿಕೆಯಂಥ ನಕಲಿ ಬಂದೂಕನ್ನು ಗುಂಡು ಹಾರುವಂತೆ ಮಾರ್ಪಡಿಸಲೂ 6ನೇ ಸೆಕ್ಷನ್ ಲೈಸೆನ್ಸ್ ಕೇಳುತ್ತದೆ. ವಿದೇಶದಿಂದ ತರಿಸಲು 10ನೇ ಸೆಕ್ಷನ್ ಅಡ್ಡ ಬರುತ್ತದೆ.

2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಇನ್ನೊಂದು ವಿಷಯ: ನಮ್ಮಲ್ಲಿ 'ತ್ರೀ ನಾಟ್ ತ್ರೀ' ಎಂದೇ ಹೆಸರಾದ .303 ರೈಫಲ್, ಆಮೇಲೆ ಬಂದ 7.62 ಮಿ.ಮೀ. ಎಸ್‌ಎಲ್‌ಆರ್ ಎರಡೂ ನಿಷೇಧಿತ ಬೋರ್‌ನವು. ಸಾಮಾನ್ಯ ಲೈಸೆನ್ಸ್ ಮೇಲೆ ಇವು ಸಿಗುವುದಿಲ್ಲ.

'ಬರೀ ಒಂದು ಪೈಪು ತಿರುವಿ ಕೊಡಿ' ಎಂದರೆ?

ಲೇತ್, ವೆಲ್ಡಿಂಗ್ ಅಂಗಡಿ ಇಟ್ಟವರು ಈ ಮಾತನ್ನು ಗಮನಿಸಬೇಕು. ಬಂದೂಕಿನ ಭಾಗ ಎಂದು ಗೊತ್ತಿದ್ದೂ ಮಾಡಿಕೊಟ್ಟರೆ, 'ನಾನು ಪೂರ್ತಿ ಬಂದೂಕು ಮಾಡಿಲ್ಲ' ಎಂಬ ಮಾತು ರಕ್ಷಣೆಗೆ ಬರುವುದಿಲ್ಲ.

ಅಪಾಯ ಕಾನೂನಿನದಷ್ಟೇ ಅಲ್ಲ. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿ ಸುಮಾರು 30 ಪಿಎಸ್‌ಐ. ಮಿಲಿಟರಿ ರೈಫಲ್‌ನಲ್ಲಿ ಗುಂಡು ಹಾರುವ ಕ್ಷಣದ ಒತ್ತಡ 40,000 ಪಿಎಸ್‌ಐಗೂ ಹೆಚ್ಚು, ಅಂದರೆ ಸಾವಿರ ಪಟ್ಟಿಗೂ ಮೇಲೆ. ಸಾಮಾನ್ಯ ಕಬ್ಬಿಣ ಇದನ್ನು ತಾಳದೆ ಸಿಡಿದರೆ, ಅದು ಸಿಡಿಯುವುದು ಹಿಡಿದವನ ಮುಖದ ಹತ್ತಿರವೇ.

'ಇದು ಬ್ರಿಟಿಷರ ಕಾಲದ ಕಾನೂನು' ಎಂಬುದು ನಿಜವೇ?

ಇಲ್ಲ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ಎದುರಾಗಿ ಪಕ್ಕದ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು ದಂಗೆ ಎದ್ದದ್ದು ನಮ್ಮ ಭಾಗದವರಿಗೆಲ್ಲ ಗೊತ್ತು. ಆದರೆ ಈಗ ಜಾರಿಯಲ್ಲಿರುವುದು ಸ್ವತಂತ್ರ ಭಾರತದ ಸಂಸತ್ತು ಮಾಡಿದ ಕಾಯ್ದೆ.

ಹಾಗಾದರೆ ಏನು ಮಾಡಬೇಕು?

• ಬೆಳೆ ಕಾಯಲು ಅಥವಾ ಆತ್ಮರಕ್ಷಣೆಗೆ ಬಂದೂಕು ಬೇಕಿದ್ದರೆ ಲೈಸೆನ್ಸ್‌ಗೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು.
• ತೀರಿಹೋದ ಅಜ್ಜನ ಲೈಸೆನ್ಸ್ ಬಂದೂಕು ಅಟ್ಟದ ಮೇಲೆ ಉಳಿದಿದ್ದರೆ ಮುಚ್ಚಿಡಬೇಡಿ. 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಒಪ್ಪಿಸಿ, ಆಮೇಲೆ ವಾರಸುದಾರರು ಲೈಸೆನ್ಸ್‌ಗೆ ಪ್ರಯತ್ನಿಸಬಹುದು.
• 'ಅಡ್ವಾನ್ಸ್ ಹಾಕಿ, ಪಾರ್ಟ್ಸ್ ಕೊರಿಯರ್ ಮಾಡುತ್ತೇವೆ' ಎಂದರೆ ಹಣ ಕಳಿಸಬೇಡಿ. ಈಗಾಗಲೇ ಕಳಿಸಿ ಮೋಸ ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ

'ಬಿಡಿಭಾಗಕ್ಕೆ ಲೈಸೆನ್ಸ್ ಬೇಡ' ಎಂಬುದು ಭಾರತದಲ್ಲಿ ಸುಳ್ಳು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿ ಜಿಲ್ಲೆಯ ಹುಡುಗರಿಗೆ ಹಳೇ ರೈಫಲ್ ಮೇಲೆ ಕುತೂಹಲ ಸಹಜ. ಅದರ ಚರಿತ್ರೆ ಓದಲು, ನಿವೃತ್ತ ಸೈನಿಕರನ್ನು ಕೇಳಿ ತಿಳಿಯಲು ಯಾವ ಲೈಸೆನ್ಸೂ ಬೇಡ. ಆದರೆ ಆ ವಿಡಿಯೋ ನಿಮ್ಮ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ, ಅದರ ಕೆಳಗೆ ಈ ಲೇಖನ ಹಾಕಿ.