ವಿಶೇಷಚೇತನ ಮಕ್ಕಳಿರುವ ಮನೆಗಳಿಗೆ: ಕಾಗದಪತ್ರ, ಸೌಲಭ್ಯ ಮತ್ತು ನಮ್ಮ ಸಂಘ

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇರುವ ಮಕ್ಕಳ ತಂದೆತಾಯಿಗಳು ಮೇಲಿಂದ ಮೇಲೆ ಕೇಳುವ ವಿಷಯಗಳನ್ನು ಒಂದೆಡೆ ಬರೆದಿದ್ದೇನೆ.

1. ಯುಡಿಐಡಿ ಕಾರ್ಡು: ಎಲ್ಲಕ್ಕೂ ಮೊದಲು ಇದು ಬೇಕು. ಸ್ವಾವಲಂಬನ ಪೋರ್ಟಲಿನಲ್ಲಿ ಅರ್ಜಿ ಹಾಕಿ, ವಾಸವಿರುವ ಜಿಲ್ಲೆಯಲ್ಲೇ ವೈದ್ಯರ ತಪಾಸಣೆ ಮಾಡಿಸಬೇಕು. ಮೂಲ ಊರು ಬೀದರ, ಕಲಬುರಗಿ ಕಡೆಯದೆಂದು ಅಲ್ಲಿಗೆ ಅಲೆಯಬೇಕಿಲ್ಲ. 2016ರ ಕಾಯ್ದೆಯಂತೆ ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ. ಗುಮಾಸ್ತನಾಗಿದ್ದವನ ಒಂದು ಮಾತು: ಆಧಾರ್, ಜನನ ಪ್ರಮಾಣಪತ್ರ ಎರಡರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ. ಕನ್ನಡದ ಹೆಸರು ಮರಾಠಿ ಕಾಗದದಲ್ಲಿ ಬದಲಾಗಿದ್ದರೆ ಮೊದಲೇ ಸರಿಪಡಿಸಿಕೊಳ್ಳಿ.

2. ಶಾಲೆ: ನ್ಯೂನತೆ ಶೇ. 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು.

3. ನಿರಾಮಯ ವಿಮೆ: ರಾಷ್ಟ್ರೀಯ ನ್ಯಾಸದ ಈ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿ ಖರ್ಚು ಸಿಗುತ್ತದೆ. ಪ್ರತಿ ವರ್ಷ ನವೀಕರಿಸಲು ಮರೆಯಬೇಡಿ.

4. ಮಾಸಿಕ ನೆರವು: ಸಂಜಯ ಗಾಂಧಿ ನಿರಾಧಾರ ಯೋಜನೆಗೆ ತಹಸೀಲ ಕಚೇರಿಯಲ್ಲಿ ವಿಚಾರಿಸಿ.

5. 18 ತುಂಬಿದ ಮೇಲೆ: ಮಗ ವಯಸ್ಕನಾದ ಮೇಲೆ ತಂದೆತಾಯಿಯ ಸಹಿ ತಾನಾಗಿ ನಡೆಯುವುದಿಲ್ಲ. 1999ರ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಪಾಲಕತ್ವದ ಆದೇಶ ಪಡೆಯಬಹುದು. ನಿಲಂಗಾ, ಉದಗೀರದವರಿಗೆ ಲಾತೂರು; ಉಮರ್ಗಾದವರಿಗೆ ಧಾರಾಶಿವ. "ನಾವು ಹೋದ ಮೇಲೆ ಯಾರು?" ಎಂಬ ಪ್ರಶ್ನೆಗೆ ಕಾಗದದ ಮೇಲಿನ ಉತ್ತರ ಇದೇ. ತಡಮಾಡಬೇಡಿ.

ಮನೆಮಾತಿನ ಬಗ್ಗೆ: ಶಾಲೆಯಲ್ಲಿ ಮರಾಠಿ ಇದೆ, ಮಗುವಿಗೆ ಗೊಂದಲವಾಗುತ್ತದೆ ಎಂದು ಕೆಲವರು ಕನ್ನಡ ಬಿಡಿಸುತ್ತಿದ್ದಾರೆ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿಯ ಮಾತು ಬಿಡಿಸಿದರೆ ಮಗು ಮನೆಯಲ್ಲೇ ಒಂಟಿಯಾಗುತ್ತದೆ.

ಕೊನೆಗೆ ಸಂಘದ ಮಾತು. ಹಿಂದೊಮ್ಮೆ ನಮ್ಮ ರಾಜ್ಯೋತ್ಸವದಲ್ಲಿ ಮಗು ಕೂಗಿತೆಂದು ನಾಲ್ಕು ಜನ ತಿರುಗಿ ನೋಡಿದರು. ಆ ತಾಯಿ ಊಟಕ್ಕೂ ನಿಲ್ಲದೆ ಹೋದರು, ಮತ್ತೆ ಬರಲಿಲ್ಲ. ಕಾರ್ಯದರ್ಶಿಯಾಗಿ ನಾನು ಎದ್ದು ಹೋಗಿ ಕರೆಯಬೇಕಿತ್ತು, ಕರೆಯಲಿಲ್ಲ. ಇನ್ನು ಮುಂದೆ ಬಾಗಿಲ ಬಳಿಯ ಸಾಲು ಈ ಕುಟುಂಬಗಳಿಗೆ ಮೀಸಲು, ಧ್ವನಿವರ್ಧಕ ಮೆಲ್ಲಗೆ, ಪಕ್ಕದಲ್ಲಿ ಒಂದು ಶಾಂತ ಕೋಣೆ. ಮಗು ಎದ್ದು ಓಡಾಡಲಿ, ಕೂಗಲಿ, ಯಾರೂ ಏನೂ ಅನ್ನಬಾರದು. ಅರ್ಜಿ ತುಂಬಲು ಕಷ್ಟವಾದರೆ ಕಾಗದಗಳನ್ನು ಕಾರ್ಯಕ್ರಮಕ್ಕೇ ತನ್ನಿ, ಕೂತು ತುಂಬೋಣ.

– ಕಾರ್ಯದರ್ಶಿ